ಡಬ್‌ಸ್ಟೆಪ್ ಕೋರ್ಸು ಪ್ರಗತಿಯಲ್ಲಿದೆ

ಸರ್ಕಾರಿ ಟೈಪಿಂಗ್ ತರಬೇತಿ ಸಂಸ್ಥೆಯಲ್ಲಿ ಡಬ್‌ಸ್ಟೆಪ್ ಸಂಗೀತ ತಯಾರಿಕಾ ವಿಭಾಗವು ವಿಧಿವತ್ತಾಗಿ ಆರಂಭಗೊಂಡದ್ದು ಟೈಪಿಂಗ್ ಕಲಿಯಲು ಮೂರು ವರ್ಷಗಳಿಂದ ಒಂದು ನರಪಿಳ್ಳೆಯೂ ಬಾರದಿದ್ದ ಕಾರಣದಿಂದ.

ಮೇಲಿನಿಂದ ಸುತ್ತೋಲೆ ಬಂದಿತ್ತು. ‘ಯುವಜನರು ಬಯಸುವ ಹೊಸ ಕೋರ್ಸೊಂದನ್ನು ಮೂವತ್ತು ದಿನಗಳೊಳಗೆ ಆರಂಭಿಸತಕ್ಕದ್ದು. ತಪ್ಪಿದಲ್ಲಿ ಸಂಸ್ಥೆಯನ್ನು ಮುಚ್ಚಿ, ಬೋಧಕರನ್ನು ಹಳೇ ಕಡತಗಳ ಉಗ್ರಾಣದ ಕಾವಲಿಗೆ ನಿಯೋಜಿಸತಕ್ಕದ್ದು.’ ಜೊತೆಗಿದ್ದ ಪಟ್ಟಿಯಲ್ಲಿ ಮೊಬೈಲ್ ರಿಪೇರಿ, ಕೇಶಾಲಂಕಾರ ಎಲ್ಲವನ್ನೂ ಬೇರೆ ಸಂಸ್ಥೆಯವರು ಆಗಲೇ ಬಾಚಿಕೊಂಡಿದ್ದರು. ಉಳಿದದ್ದು ಡಬ್‌ಸ್ಟೆಪ್ ಒಂದೇ.

ಟೈಪಿಂಗ್ ಮೇಷ್ಟ್ರಿಗೆ ನಿವೃತ್ತಿಗೆ ಆರು ವರ್ಷ ಬಾಕಿ. ಉಗ್ರಾಣದ ಧೂಳು ಎಂದರೆ ಸಾಕು, ಎದೆಯಲ್ಲಿ ಸಿಳ್ಳೆ ಶುರುವಾಗುತ್ತಿತ್ತು. ಹಿಂದೊಮ್ಮೆ ಅಲ್ಲಿಗೆ ಕಡತ ಹುಡುಕಲು ಹೋಗಿದ್ದ ಅವರನ್ನು ನಾಲ್ಕು ಜನ ಹೊತ್ತು ತಂದಿದ್ದರು. ಕಡತ ಸಿಕ್ಕಿರಲಿಲ್ಲ.

“ಸಾರ್, ಡಬ್‌ಸ್ಟೆಪ್ ಅಂದ್ರೆ ಏನು ಅಂತಲೇ ನನಗೆ ಗೊತ್ತಿಲ್ಲ,” ಅಂದರು ಮೇಷ್ಟ್ರು.

“ನನಗೂ ಗೊತ್ತಿಲ್ಲ. ಅದಕ್ಕೇ ಅಲ್ವೇನ್ರೀ ನಾನು ಪ್ರಾಂಶುಪಾಲ, ನೀವು ಬೋಧಕ?” ಅಂದರು ಪ್ರಾಂಶುಪಾಲರು. “ಅದಕ್ಕೂ ಕೀಲಿಮಣೆ ಇರುತ್ತಂತೆ. ಮೂವತ್ತು ವರ್ಷದಿಂದ ನೀವು ಕುಟ್ಟಿದ್ದೇನು, ಅವಲಕ್ಕಿನಾ?”

ಮೇಷ್ಟ್ರು ಏರೋಬಿಕ್ಸ್ ತರಗತಿ ನಡೆಸುವ ನಾದಿನಿಯ ಮೊರೆ ಹೋದರು. ಅವಳು ತನ್ನ ಲ್ಯಾಪ್‌ಟಾಪು, ಸ್ಪೀಕರು ಎರಡನ್ನೂ ತಂದು ಮೇಜಿನ ಮೇಲಿಟ್ಟಳು.

“ನೋಡಿ ಭಾವ, ನಿಮಿಷಕ್ಕೆ ನೂರನಲವತ್ತು ಬಡಿತ. ಮೊದಲು ಏರಿಸಬೇಕು, ಏರಿಸ್ತಾನೇ ಇರಬೇಕು, ಕೇಳೋರ ಉಸಿರು ಗಂಟಲಿಗೆ ಬರಬೇಕು. ಆಮೇಲೆ ಒಂದೇ ಒಂದು ಕ್ಷಣ ಗಪ್‌ಚುಪ್. ತಕ್ಷಣ ಧಡ್ ಅಂತ ಬೇಸ್, ಅಂದ್ರೆ ಆ ತಗ್ಗುದನಿಯ ಗುಡುಗು, ಬೀಳಬೇಕು. ಜನ ಬರೋದೇ ಆ ಬೇಸ್‌ಗೋಸ್ಕರ.”

ಹನ್ನೆರಡು ದಿನ ಮೇಷ್ಟ್ರು ಊಟ ತಿಂಡಿ ಮರೆತು ಕೂತರು. ಹದಿಮೂರನೇ ದಿನ ಮಧ್ಯಾಹ್ನ ಅಡುಗೆಮನೆಯ ತಟ್ಟೆಗಳೆಲ್ಲ ಒಟ್ಟಿಗೆ ನಡುಗಿದವು. ಹೆಂಡತಿ ಸೌಟು ಹಿಡಿದೇ ಓಡಿಬಂದಳು.

“ಅದೇನ್ರೀ ಅದು, ಹೊಟ್ಟೆಯೊಳಗೆ ಯಾರೋ ಟ್ರಾಕ್ಟರ್ ಓಡಿಸಿದ ಹಾಗಾಯ್ತು!”

“ಚೆನ್ನಾಗಿಲ್ವಾ?”

“ಚೆನ್ನಾಗಿಲ್ಲ ಅಂದ್ನಾ? ಇನ್ನೊಂದ್ಸಲ ಹಾಕಿ.”

ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ಅವಳು ಮೇಷ್ಟ್ರಿಗೆ ಯಾವುದನ್ನೂ ಇನ್ನೊಂದು ಸಲ ಮಾಡಿ ಎಂದಿದ್ದಿಲ್ಲ. ಅವರ ಕಣ್ಣು ಒದ್ದೆಯಾಯಿತು.

ಸಂಸ್ಥೆಯಲ್ಲಿ ಮಾತ್ರ ಕೋರ್ಸಿನ ಕಡತಕ್ಕೆ ಆಕ್ಷೇಪಣೆ ಬಂತು: ಬೇಸ್ ಬಿದ್ದಲ್ಲಿ ಗೋಡೆ ನಡುಗುವ ಸಂಭವವಿರುವುದರಿಂದ ಗೋಡೆಯ ದೃಢತಾ ಪ್ರಮಾಣಪತ್ರ ಲಗತ್ತಿಸುವುದು. ಮೇಷ್ಟ್ರು ಕಟ್ಟಡ ವಿಭಾಗದ ಇಂಜಿನಿಯರರನ್ನು ಕಂಡರು.

“ಗೋಡೆ ತಡೆಯುತ್ತೆ ಅಂತ ಬರೆದುಕೊಡಬೇಕಾದ್ರೆ ಮೊದಲು ನಡುಗಿಸಿ ನೋಡಬೇಕು,” ಅಂದರು ಇಂಜಿನಿಯರರು.

“ನಡುಗಿಸೋಣ ಸಾರ್, ಅದಕ್ಕೇನಂತೆ.”

“ಪ್ರಮಾಣಪತ್ರ ಇಲ್ಲದೆ ಹೇಗ್ರೀ ನಡುಗಿಸೋಕಾಗುತ್ತೆ? ನೀವೂ ಸರ್ಕಾರಿ ನೌಕರರೇ ತಾನೆ?”

ಕೊನೆಗೆ ಸರ್ವರಿಗೂ ಸಮ್ಮತವಾದ ಆದೇಶ ಹೊರಬಿತ್ತು. ‘ಮೊದಲ ಹಂತದಲ್ಲಿ ಏರಿಕೆ ಮತ್ತು ಮೌನವನ್ನು ಮಂಜೂರು ಮಾಡಿದೆ. ಬೇಸನ್ನು ಎರಡನೇ ಹಂತಕ್ಕೆ ಕಾಯ್ದಿರಿಸಿದೆ.’

ತಪಾಸಣೆಯ ದಿನ ಹೊಸದಾಗಿ ಸೇರಿದ ನಲವತ್ತು ವಿದ್ಯಾರ್ಥಿಗಳು, ಮುಂದಿನ ಕುರ್ಚಿಯಲ್ಲಿ ಮೇಲಧಿಕಾರಿಗಳು. ಸಂಗೀತ ಏರಿತು, ಏರಿತು, ಇನ್ನೂ ಏರಿತು. ನಲವತ್ತು ಜೋಡಿ ಕೈಗಳು ಮೇಲೆದ್ದವು. ಮೇಲಧಿಕಾರಿಗಳು ಕುರ್ಚಿಯ ತುದಿಗೆ ಬಂದರು. ಆಮೇಲೆ ಮೌನ. ಒಂದು ನಿಮಿಷವಾಯಿತು. ನಾಲ್ಕಾಯಿತು. ಫ್ಯಾನಿನ ಕಿರ್ರ್ ಸದ್ದು ಬಿಟ್ಟರೆ ಏನೂ ಇಲ್ಲ.

“ಆಮೇಲೆ?” ಎಂದು ಮೇಲಧಿಕಾರಿಗಳು ಪಿಸುಗುಟ್ಟಿದರು.

“ಎರಡನೇ ಹಂತದಲ್ಲಿ, ಸಾರ್.”

ಅವರು ಬೆವರು ಒರೆಸಿಕೊಂಡು ಷರಾ ಬರೆದರು: ‘ಕೋರ್ಸು ಪ್ರಗತಿಯಲ್ಲಿದೆ. ಪ್ರಗತಿಯಲ್ಲಿರುವ ಕೋರ್ಸನ್ನು ನಿಯಮ ಹದಿನೇಳರಂತೆ ಮುಚ್ಚತಕ್ಕದ್ದಲ್ಲ.’

ಎಂಟು ತಿಂಗಳ ನಂತರ ಇಂಜಿನಿಯರರು ತಾವಾಗಿಯೇ ಬಂದು ಪ್ರಮಾಣಪತ್ರವನ್ನು ಮೇಜಿನ ಮೇಲೆ ಹಾಕಿದರು. ಇಂಥ ಅನಾಹುತ ಆ ವಿಭಾಗದ ಚರಿತ್ರೆಯಲ್ಲೇ ಆಗಿರಲಿಲ್ಲ.

“ಗೋಡೆ ಗಟ್ಟಿ ಇದೆ ಮೇಷ್ಟ್ರೇ. ಬೀಳಿಸ್ಕೊಳ್ಳಿ ನಿಮ್ಮ ಬೇಸು.”

ಮೇಷ್ಟ್ರ ಮುಖ ಊರಗಲವಾಯಿತು. ಓಡಿಹೋಗಿ ಲ್ಯಾಪ್‌ಟಾಪು ತೆರೆದರು. ಬೆರಳು ಕೀಲಿಯ ಮೇಲಿತ್ತು. ಅಷ್ಟರಲ್ಲಿ ಪ್ರಾಂಶುಪಾಲರು ಬಿಳಿಚಿಕೊಂಡು ಬಂದರು.

“ರೀ, ಒಂದ್ನಿಮಿಷ. ಬೇಸ್ ಬಿದ್ರೆ ಕೋರ್ಸು ಮುಗಿದ ಹಾಗಲ್ವಾ? ಮುಗಿದ ಕೋರ್ಸು ಪ್ರಗತಿಯಲ್ಲಿ ಇರಲ್ಲ. ಉಗ್ರಾಣಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವಂತೆ.”

ಮೇಷ್ಟ್ರು ಆ ಕೀಲಿಯನ್ನು ಬಹಳ ಹೊತ್ತು ನೋಡಿದರು. ಎದೆ ಒಮ್ಮೆ ಸಣ್ಣಗೆ ಸಿಳ್ಳೆ ಹಾಕಿತು. ಬೆರಳು ತೆಗೆದು, ಪೆನ್ನು ಹಿಡಿದು, ಪ್ರಮಾಣಪತ್ರದ ಅಂಚಿನಲ್ಲಿ ದುಂಡಗೆ ಬರೆದರು: ‘ಗೋಡೆ ಗಟ್ಟಿಯಿರುವುದು ಸರಿಯಷ್ಟೆ. ಚಾವಣಿಯ ಬಗ್ಗೆ ಉಲ್ಲೇಖವಿಲ್ಲ. ಸ್ಪಷ್ಟೀಕರಣ ಕೋರಿದೆ.’

“ಭಲೇ! ಇನ್ನೆರಡು ವರ್ಷಕ್ಕೆ ಯೋಚನೆ ಇಲ್ಲ,” ಎಂದು ಇಂಜಿನಿಯರರು ಕೈಕುಲುಕಿ ಹೋದರು.

ಈ ಸಾಲಿನಲ್ಲಿ ನೂರಹನ್ನೆರಡು ಮಂದಿ ಸೇರಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಸಂಗೀತ ಏರುತ್ತದೆ, ಹತ್ತೂ ಐದಕ್ಕೆ ನಿಲ್ಲುತ್ತದೆ. ಸಂಜೆ ಐದರವರೆಗೆ ಎಲ್ಲರೂ ಕೈ ಎತ್ತಿ ಶಿಸ್ತಿನಿಂದ ಕಾಯುತ್ತಾರೆ. ಅವರ ಹಿತದೃಷ್ಟಿಯಿಂದ ಫಲಕದಲ್ಲಿ ಪ್ರಕಟಣೆಯನ್ನೂ ಹಾಕಲಾಗಿದೆ: ‘ಬೇಸನ್ನು ನಿರೀಕ್ಷಿಸುವಾಗ ಕೈಗಳನ್ನು ಕಿವಿಯ ಮಟ್ಟಕ್ಕಿಂತ ಕೆಳಗಿಳಿಸತಕ್ಕದ್ದಲ್ಲ. ತೀರಾ ನೋವಾದವರು ಸ್ವಹಸ್ತಾಕ್ಷರದಲ್ಲಿ ಅರ್ಜಿ ಬರೆದುಕೊಟ್ಟು ಕೈ ಇಳಿಸಬಹುದು.’

ಈವರೆಗೆ ಒಂದೂ ಅರ್ಜಿ ಬಂದಿಲ್ಲ. ಬರೆಯಲು ಕೈ ಇಳಿಸಬೇಕಲ್ಲ.