ಭಾವನವರ ಹೆಗಲೇರಿದ ಸೈಕಲ್ಲು

ನಮ್ಮ ಭಾವನವರಿಗೆ ಸೈಕಲ್ ಹೊಡೆಯುವುದಕ್ಕೆ ಬರುತ್ತಿರಲಿಲ್ಲ. ಆದರೂ ಒಂದು ಚಳಿಗಾಲವಿಡೀ ಅವರು ಬೆಂಗಳೂರಿನಲ್ಲಿ ಸೈಕಲ್ ರೇಸಿಗೆ ಹೋದರು. ಆ ರೇಸುಗಳಲ್ಲಿ ಒಂದು ವಿದ್ಯೆಯ ಮಟ್ಟಿಗೆ ಯಾವ ಜವ್ವನಿಗನೂ ಅವರ ಹತ್ತಿರ ಸುಳಿಯುವಂತಿರಲಿಲ್ಲ ಎಂದು ನಾನು ಹೇಳಿದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಭ್ಯಂತರವಿಲ್ಲ. ಮೊದಮೊದಲು ನಾನೂ ನಕ್ಕವನೇ!

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಎರಡನೆಯ ಮಹಾಯುದ್ಧ ಮುಗಿದು ನಾಲ್ಕೈದು ವರ್ಷವಾಗಿದ್ದ ಕಾಲ. ನನಗೆ ಆಗತಾನೇ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಚಾಮರಾಜಪೇಟೆಯ ಅಕ್ಕನ ಮನೆಯಲ್ಲೇ ಉಳಿದುಕೊಂಡಿದ್ದೆ. ಭಾವನವರು ತಮ್ಮ ಅಣ್ಣನ ಜೊತೆ ಸೇರಿ ಪೇಟೆಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆ ಅಂಗಡಿ ನಡೆಸುತ್ತಿದ್ದರು. ವಯಸ್ಸು ನಲವತ್ತೆರಡು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕತ್ತಿನವರೆಗೂ ಗುಂಡಿ ಹಾಕಿದ ಕೋಟು, ಕಚ್ಚೆಪಂಚೆ, ಕರಿ ಟೋಪಿ. ಇವೆಲ್ಲ ಪೇಟೆಯ ಯಾವ ವರ್ತಕನಿಗೂ ಇದ್ದದ್ದೇ. ಇಲ್ಲದಿದ್ದದ್ದು ಆ ಹೆಗಲುಗಳು. ಹನ್ನೊಂದನೆಯ ವಯಸ್ಸಿನಿಂದ ಹಂಡೆ, ಕೊಳಗ, ಕೊಪ್ಪರಿಗೆ ಹೊತ್ತು ಹೊತ್ತು ಅವು ಅಡ್ಡಡ್ಡಕ್ಕೆ ಬೆಳೆದುಬಿಟ್ಟಿದ್ದವು. ಕೋಟಿಗೆ ಅಳತೆ ತೆಗೆದುಕೊಳ್ಳಲು ಬರುತ್ತಿದ್ದ ದರ್ಜಿ ಒಂದು ಹೆಗಲಿನಿಂದ ಹೊರಟು ಇನ್ನೊಂದು ಹೆಗಲು ಮುಟ್ಟುವಷ್ಟರಲ್ಲಿ ಒಂದು ಲೋಟ ನೀರು ಕೇಳುತ್ತಿದ್ದ ಎಂದು ನಾನು ಹೇಳಿದರೆ ಅದರಲ್ಲಿ ಅರ್ಧವಾದರೂ ನಿಜ.

ಈ ಹೆಗಲುಗಳೇ ಎಲ್ಲಕ್ಕೂ ಕಾರಣವಾದದ್ದು. ಮಲ್ಲೇಶ್ವರದಿಂದ ಒಬ್ಬ ನಿವೃತ್ತ ಕ್ಯಾಪ್ಟನ್ ಸಾಹೇಬರು ಒಂದು ದಿನ ಬಚ್ಚಲುಮನೆಗೆ ಹಂಡೆ ಬೇಕೆಂದು ಅಂಗಡಿಗೆ ಬಂದರು. ಹೊತ್ತುಕೊಂಡು ಹೋಗುವ ಆಳು ಅಂದು ಬಂದಿರಲಿಲ್ಲ. ಭಾವನವರು ಕೋಟು ಬಿಚ್ಚಿಟ್ಟು, ಎರಡು ಆಳು ಹೊರುವ ಆ ತಾಮ್ರದ ಹಂಡೆಯನ್ನು ಹೆಗಲಿಗೇರಿಸಿಕೊಂಡು, ಪೇಟೆಯಿಂದ ಮಲ್ಲೇಶ್ವರದವರೆಗೆ ಸಾಹೇಬರ ಜೊತೆ ಬೆಲ್ಲದ ರೇಟಿನ ಬಗ್ಗೆ ಮಾತಾಡುತ್ತ ನಡೆದರು. ಹಂಡೆ ಇಳಿಸಿದಾಗ ಏದುಸಿರು ಬಿಡುತ್ತಿದ್ದವರು ಬರಿಗೈಯಲ್ಲಿ ಬಂದ ಕ್ಯಾಪ್ಟನ್ ಸಾಹೇಬರು!

ಈ ಕ್ಯಾಪ್ಟನ್ನರು ಯುದ್ಧಕಾಲದಲ್ಲಿ ಯೂರೋಪಿನ ಕಡೆ ಹೋಗಿದ್ದಾಗ, ಅಲ್ಲಿನ ಜನ ಚಳಿಗಾಲದಲ್ಲಿ ಕೆಸರು ಹೊಲಗಳಲ್ಲಿ ಒಂದು ಬಗೆಯ ಸೈಕಲ್ ರೇಸು ನಡೆಸುವುದನ್ನು ನೋಡಿ ಬಂದಿದ್ದರು. ದಾರಿ ಇದ್ದ ಕಡೆ ಸೈಕಲ್ ತುಳಿಯಬೇಕು. ಹಳ್ಳ, ದಿಬ್ಬ, ಬೇಲಿ ಬಂದ ಕಡೆ ಇಳಿದು ಅದನ್ನೇ ಹೆಗಲ ಮೇಲೆ ಹಾಕಿಕೊಂಡು ಓಡಬೇಕು. ದಾಟಿದ ಮೇಲೆ ಮತ್ತೆ ಹತ್ತಬೇಕು. ಅಂಥದೇ ರೇಸನ್ನು ಇಲ್ಲೂ ನಡೆಸಬೇಕೆಂದು ಅವರು ಒಂದು ಸಂಘ ಕಟ್ಟಿದ್ದರು. ಮಳೆ ನಿಂತ ಮೇಲೆ, ಶಿವರಾತ್ರಿಯೊಳಗೆ, ನಾಲ್ಕು ಭಾನುವಾರ ನಾಲ್ಕು ರೇಸು. ನಾಲ್ಕನ್ನೂ ಪೂರ್ತಿ ಮುಗಿಸಿದವರ ಹೆಸರನ್ನು ಬಣ್ಣದಲ್ಲಿ ಬರೆಸಿ ಸಂಘದ ಕೋಣೆಯಲ್ಲಿ ಹಲಗೆ ತೂಗುಹಾಕುವುದೆಂದು ತೀರ್ಮಾನವಾಗಿತ್ತು. ಹಂಡೆ ನೋಡಿ ಬೆರಗಾಗಿದ್ದ ಸಾಹೇಬರು ಇದನ್ನೆಲ್ಲ ವಿವರಿಸಿದರು. ಭಾವನವರ ಕಿವಿಗೆ ಬಿದ್ದದ್ದು ಹೊರುವುದು ಎಂಬ ಒಂದೇ ಮಾತು. ಅಲ್ಲೇ ಹೆಸರು ಕೊಟ್ಟು ಬಂದರು.

ಮನೆಯಲ್ಲಿ ಸಂಗತಿ ಹೇಳಿದಾಗ ಅಕ್ಕ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿದಳು.

"ನಿಮಗೆ ಸೈಕಲ್ ಎಲ್ರೀ ಬರುತ್ತೆ?"

"ಹೊರೋಕೆ ಬರುತ್ತೆ. ಹತ್ತೋದು ಒಂದು ಕಲಿತ್ಕೊಂಡ್ರಾಯ್ತು" ಎಂದರು ಭಾವ.

ಕಲಿತರು. ನಮ್ಮ ರಸ್ತೆಯ ಜನಕ್ಕೆ ಅದೊಂದು ತಿಂಗಳ ಉತ್ಸವ. ಗುರುತಿನವರೊಬ್ಬರಿಂದ ಒಂದು ಹಳೇ ಸೈಕಲ್ ಬಂತು. ಅದರ ತೂಕವೂ ಹೆಚ್ಚುಕಡಿಮೆ ಹಂಡೆಯದೇ. ನಾನು ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿದೆ. ನಾಲ್ಕು ವಾರದಲ್ಲಿ ಭಾವನವರು ನೆಟ್ಟಗೆ ಹೋಗುವುದನ್ನು ಕಲಿತರು, ತಿರುಗುವುದನ್ನೂ ಕಲಿತರು. ಆದರೆ ಹತ್ತುವುದು ಮಾತ್ರ ಕೈಗೆ ಹತ್ತಲಿಲ್ಲ. ಎತ್ತರದ ಜಾಗದ ಮೇಲೆ ಕಾಲಿಟ್ಟರೆ ಮಾತ್ರ ಸೀಟಿನ ಮೇಲೆ ಕೂರಲಾಗುತ್ತಿತ್ತು. ಚಾಮರಾಜಪೇಟೆಯಲ್ಲಿ ಅದಕ್ಕೇನು ತೊಂದರೆ? ಮನೆಮನೆಗೂ ಜಗಲಿ. ವಕೀಲರ ಜಗಲಿಯಿಂದ ಹತ್ತಿದರೆ ಡಾಕ್ಟರ ದೀಪದ ಕಂಬ ಹಿಡಿದು ಇಳಿಯುವರು. ಆದರೆ ರೇಸು ನಡೆಯುವ ಕೆರೆಯಂಗಳದಲ್ಲಿ ಜಗಲಿ ಕಟ್ಟಿಸಿಟ್ಟಿರುವವರು ಯಾರು?

ಇದಕ್ಕೂ ಭಾವ ಒಂದು ಉಪಾಯ ಹುಡುಕಿದರು. ಮೊದಲನೆಯ ರೇಸು ಮತ್ತಿಕೆರೆಯ ಕೆರೆಯಂಗಳದಲ್ಲಿ. ಗಿರಣಿ ಕೆಲಸಗಾರರು, ಕಾಲೇಜು ಹುಡುಗರು, ರೈಲ್ವೆಯವರು ಎಂದು ಇಪ್ಪತ್ತಾರು ಜನ ಚೆಡ್ಡಿ ಬನಿಯನ್ನಿನಲ್ಲಿ ಸಾಲಾಗಿ ನಿಂತಿದ್ದರು. ಅವರ ನಡುವೆ ಕಚ್ಚೆಪಂಚೆ, ಕರಿ ಟೋಪಿಯ ಭಾವ. ಪಕ್ಕದಲ್ಲಿ ನಮ್ಮ ಅಡುಗೆಮನೆಯ ಮೂರು ಕಾಲಿನ ಸ್ಟೂಲು. ಸ್ಟೂಲಿನ ಮೇಲೆ ನಿಂತು ಹತ್ತುವುದು ಸರಿ, ಹತ್ತಿದ ಮೇಲೆ ಸ್ಟೂಲು ಹಿಂದೆಯೇ ಉಳಿಯುತ್ತದಲ್ಲ? ಅದಕ್ಕೆಂದು ಬಾವಿಯ ಹಗ್ಗದಿಂದ ಅದನ್ನು ಕ್ಯಾರಿಯರಿಗೆ ಕಟ್ಟಿಕೊಂಡಿದ್ದರು. ಕ್ಯಾಪ್ಟನ್ ಸಾಹೇಬರು ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಸ್ಟೂಲು ತರಬಾರದೆಂದು ಎಲ್ಲಿಯೂ ಬರೆದಿರಲಿಲ್ಲ.

ಸೀಟಿ ಊದಿದರು. ಇಪ್ಪತ್ತಾರು ಸೈಕಲ್ಲುಗಳು ಕಣ್ಣಿಗೆ ಕಾಣದಷ್ಟು ದೂರ ಹೋದವು. ಇಪ್ಪತ್ತೇಳನೆಯದು, ತಾಯಿಯ ಹಿಂದೆ ಕರು ಹೋದಂತೆ ಸ್ಟೂಲನ್ನು ಎಳೆದುಕೊಂಡು, ಕುಣಿಯುತ್ತ ಕುಣಿಯುತ್ತ ಹೊರಟಿತು. ಎದುರಿಗೆ ಬಂದ ಎಮ್ಮೆಗಳಿಗೆಲ್ಲ ಭಾವ ತಪ್ಪದೆ ಬೆಲ್ಲು ಹೊಡೆದು ದಾರಿ ಕೇಳಿದರು. ಮೊದಲನೆಯ ಸುತ್ತಿನಲ್ಲೇ ಸ್ಟೂಲು ಒಂದು ಮುಳ್ಳಿನ ಪೊದೆಗೆ ಸಿಕ್ಕಿಹಾಕಿಕೊಂಡಿತು, ಸೈಕಲ್ ನಿಂತಿತು, ಭಾವ ಮಾತ್ರ ಇನ್ನೂ ಸ್ವಲ್ಪ ಮುಂದೆ ಹೋದರು. ಕೊನೆಯ ಸುತ್ತಿಗೆ ಸ್ಟೂಲಿಗೆ ಉಳಿದದ್ದು ಒಂದೇ ಕಾಲು. ಅವರು ಗುರಿ ಮುಟ್ಟುವಷ್ಟರಲ್ಲಿ ಬಹುಮಾನ ಕೊಟ್ಟಾಗಿತ್ತು, ಜನ ಚದುರಿದ್ದರು. ಕ್ಯಾಪ್ಟನ್ ಸಾಹೇಬರೊಬ್ಬರೇ ಏರಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕಾದಿದ್ದರು.

"ಕೊನೆಯವರು ಅಂತ ಬರ್ಕೋತೀನಿ ಯಜಮಾನ್ರೆ" ಎಂದರು.

"ಕೊನೆ ಅಂತ ಯಾಕೆ ಬರೀತೀರಿ ಸ್ವಾಮಿ? ಇಪ್ಪತ್ತೇಳನೆಯವನು ಅಂತ ಬರೀರಿ."

ಮರುದಿನ ಅಂಗಡಿಗೆ ಬಂದವರಿಗೆಲ್ಲ ಅವರು ಇಪ್ಪತ್ತೇಳನೆಯವರಾಗಿ ಬಂದ ಸಂಗತಿಯನ್ನು ಹೇಳಿದರು. ಒಟ್ಟು ಎಷ್ಟು ಜನವಿದ್ದರೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡನೆಯದು ಶ್ರೀರಾಂಪುರದ ಆಚೆ, ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಗಳಲ್ಲಿ. ಅಷ್ಟರಲ್ಲಿ ಅವರು ಹಗಲಿರುಳು ಸಾಧನೆ ಮಾಡಿ, ಒಂಟಿ ಕಾಲಿನಲ್ಲಿ ಕುಪ್ಪಳಿಸಿ ಹತ್ತುವುದನ್ನು ಕಲಿತಿದ್ದರು. ಬೇರೆಯವರು ಎರಡು ಕುಪ್ಪಳಕ್ಕೆ ಹತ್ತುತ್ತಿದ್ದರೆ ಇವರಿಗೆ ಹದಿನಾಲ್ಕು ಬೇಕಾಗುತ್ತಿತ್ತು, ಅಷ್ಟೇ ವ್ಯತ್ಯಾಸ. ಆದರೆ ಅಂದು ಆ ಗುಂಡಿಗಳ ಹತ್ತಿರ ನಾನು ಕಂಡದ್ದನ್ನು ಮರೆಯಲಾರೆ. ಪ್ರಾಯದ ಹುಡುಗರು ಸೈಕಲ್ ಎತ್ತಲಾರದೆ ಎತ್ತಿ, ಜಾರುವ ಏರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ನರಳುತ್ತಿದ್ದಾಗ, ಹಿಂದಿನಿಂದ ಭಾವ ಬಂದರು. ಆ ಭಾರವಾದ ಸೈಕಲ್ಲನ್ನು ಹೆಗಲ ಮೇಲೆ ಶಲ್ಯ ಹಾಕಿಕೊಂಡಷ್ಟು ಸಲೀಸಾಗಿ ಹಾಕಿಕೊಂಡು, ಬರಿಗಾಲಿನಲ್ಲಿ ದಡದಡನೆ ಓಡಿ ಒಂಬತ್ತು ಜನರನ್ನು ಹಿಂದೆ ಹಾಕಿದರು. ಮೇಲೆ ಹೋಗಿ ಇವರು ಹದಿನಾಲ್ಕು ಕುಪ್ಪಳಿಸುವಷ್ಟರಲ್ಲಿ ಆ ಒಂಬತ್ತೂ ಜನ ಇವರನ್ನು ದಾಟಿ ಹೋದರು. ಪ್ರತಿ ಸುತ್ತಿನಲ್ಲೂ ಇದೇ ಕಥೆ. ಮೂರನೆಯ ಸುತ್ತಿಗೆ ಅವರೆಲ್ಲ ಬೀಗರಂತೆ ಒಬ್ಬರಿಗೊಬ್ಬರು ಕುಶಲ ವಿಚಾರಿಸುತ್ತಿದ್ದರು.

ರೇಸು ಮುಗಿದ ಮೇಲೆ ಮುನಿಸ್ವಾಮಿ ಎಂಬ ಗಿರಣಿ ಕೆಲಸಗಾರ, ಆ ದಿನ ಎರಡನೆಯವನಾಗಿ ಬಂದವನು, ಭಾವನವರ ಹತ್ತಿರ ಬಂದು ಕೈಮುಗಿದ.

"ಯಜಮಾನ್ರೆ, ನೀವು ಸೈಕಲ್ ಮೇಲೆ ಹತ್ತದೇ ಇದ್ದಿದ್ರೆ ಫಸ್ಟ್ ಬರ್ತಿದ್ರಿ."

ಇದನ್ನು ಭಾವ ಹೊಗಳಿಕೆಯೆಂದೇ ತೆಗೆದುಕೊಂಡರು. ಯೋಚಿಸಿ ನೋಡಿದರೆ ಅದು ಹೊಗಳಿಕೆಯೇ ಅಲ್ಲವೆ?

ಅಕ್ಕ ಮಾತ್ರ ಈ ವಿಷಯದಲ್ಲಿ ಏನೂ ಆಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಹುರಿಹಿಟ್ಟು ಕಲಸಿ ಕೊಡುವಳು; ಮಧ್ಯಾಹ್ನ ಕೆಸರಿನ ಪಂಚೆಯನ್ನು ಮೂರು ನೀರಿನಲ್ಲಿ ಜಾಲಿಸುವಳು. ನಲ್ಲಿಯ ಹತ್ತಿರ ಹೆಂಗಸರು ಮುಸಿಮುಸಿ ನಗುತ್ತಾರೆಂದು ನನಗೆ ಗೊತ್ತಿತ್ತು. ಒಂದು ಸಲ ಬಂದು ನೋಡು ಎಂದು ನಾನು ಕರೆದೆ. ಆ ಗಂಡಸರ ಗುಂಪಿನಲ್ಲಿ ತನಗೇನು ಕೆಲಸ ಎಂದು ತಳ್ಳಿಹಾಕಿದಳು.

ಮೂರನೆಯ ರೇಸು ಬಸವನಗುಡಿಯ ಬಂಡೆಗಳ ನಡುವೆ ನಡೆಯಿತು. ಎಲ್ಲಿ ನೋಡಿದರೂ ಕಲ್ಲು, ಎಲ್ಲಿ ಬೇಕಾದರೂ ಹತ್ತಬಹುದು! ಭಾವನವರು ಹತ್ತೊಂಬತ್ತನೆಯವರಾಗಿ ಬಂದರು. ಆದರೆ ಕೊನೆಯ ಇಳಿಜಾರಿನಲ್ಲಿ ಬಿದ್ದು ಮೊಣಕಾಲು ಸೋರೆಕಾಯಿಯಂತೆ ಊದಿಕೊಂಡಿತು. ಆ ಸುದ್ದಿ ಪೇಟೆಗೆ ಮುಟ್ಟಿತು. ಸಂಜೆಗೆ ಅವರ ಅಣ್ಣ ಮನೆಗೇ ಬಂದರು. ಬಹಳ ಮರ್ಯಾದಸ್ಥರು, ದನಿ ಎತ್ತಿದವರಲ್ಲ. ಕೂಲಿಯವನ ಹಾಗೆ ಊರೆದುರು ಸೈಕಲ್ ಹೊತ್ತು ಓಡುವುದು ನಮ್ಮ ಮನೆತನಕ್ಕೆ ಒಪ್ಪುವುದಿಲ್ಲ, ಅಂಗಡಿಗೆ ಬಂದವರೆಲ್ಲ ನಕ್ಕು ಹೋಗುತ್ತಾರೆ, ಕಾಲು ಮುರಿದರೆ ಗತಿಯೇನು, ಇಲ್ಲಿಗೆ ನಿಲ್ಲಿಸಿಬಿಡು ಎಂದು ನಿಧಾನವಾಗಿ ಬುದ್ಧಿ ಹೇಳಿದರು. ಭಾವ ಮೊಣಕಾಲಿಗೆ ಹಾಕಿದ್ದ ಅರಿಶಿನದ ಪಟ್ಟನ್ನೇ ನೋಡುತ್ತ ಕೇಳಿಸಿಕೊಂಡರು. ಅಣ್ಣನ ಮಾತನ್ನು ಅವರು ಒಂದು ದಿನವೂ ಮೀರಿದವರಲ್ಲ.

"ಅಣ್ಣಾ" ಎಂದರು ಕೊನೆಗೆ. "ಅಪ್ಪ ತೀರ್ಕೊಂಡಾಗಿನಿಂದ ಹೊರ್ತಾನೇ ಇದೀನಿ. ಮೂವತ್ತು ವರ್ಷ ಆಯ್ತು. ಹೊತ್ತಿದ್ದಕ್ಕೆ ಜನ ಚಪ್ಪಾಳೆ ತಟ್ಟಿದ್ದು ಇದೇ ಮೊದಲು. ಇನ್ನೊಂದೇ ಒಂದು ಇದೆ. ಅದನ್ನ ಮುಗಿಸಿಬಿಡ್ತೀನಿ."

ಅಣ್ಣ ಆ ಪಟ್ಟನ್ನೊಮ್ಮೆ ನೋಡಿ ಎದ್ದುಹೋದರು. ಅಡುಗೆಮನೆಯ ಬಾಗಿಲಿನ ಮರೆಯಲ್ಲಿ ಅಕ್ಕ ನಿಂತಿದ್ದಳು. ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಯ ಹೊಗೆ ಎಂದಳು. ಒಲೆ ಇನ್ನೂ ಹಚ್ಚಿರಲಿಲ್ಲ.

ಕೊನೆಯ ರೇಸು ನಮ್ಮ ಮನೆಗೆ ಸಮೀಪದಲ್ಲೇ, ಕೆಂಪಾಂಬುಧಿ ಕೆರೆಯ ಅಂಗಳದಲ್ಲಿ ಗೊತ್ತಾಗಿತ್ತು. ಹಿಂದಿನ ದಿನ ಅಕಾಲದ ಮಳೆ ಬಿದ್ದು ಕೆರೆಯಂಗಳವೆಲ್ಲ ಮೊಣಕಾಲುದ್ದ ಕೆಸರಾಗಿತ್ತು. ಊತ ಇನ್ನೂ ಪೂರ್ತಿ ಇಳಿಯದ ಕಾಲಿನಲ್ಲಿ ಭಾವ ಹೊರಟರು. ನಾವು ಹೊಸಿಲು ದಾಟುವಾಗ ಅಕ್ಕ ಒಂದು ಟವಲನ್ನೂ ಕೂಜಾದಲ್ಲಿ ಕಾಫಿಯನ್ನೂ ಹಿಡಿದು ನಮ್ಮ ಹಿಂದೆಯೇ ಬಂದಳು. ಭಾವ ಒಂದು ಸಲ ತಿರುಗಿ ನೋಡಿದರು.

ನಾನು ಅವರ ಕೋಟು, ಟೋಪಿ ಹಿಡಿದುಕೊಂಡು ಏರಿಯ ಮೇಲೆ ಅವರ ಜೊತೆಜೊತೆಗೇ ಓಡಿದೆ. ಎರಡು ಸುತ್ತು ಹೇಗೋ ಕಳೆಯಿತು. ಮೂರನೆಯದೇ ಕೊನೆಯ ಸುತ್ತು. ಅದು ಶುರುವಾಗುತ್ತಿದ್ದಂತೆಯೇ ಪಟ್ಟೆಂದು ಚೈನು ತುಂಡಾಯಿತು. ನಾನು ಅಲ್ಲೇ ಏರಿಯ ಮೇಲೆ ಕುಳಿತುಬಿಟ್ಟೆ. ಮೂರು ರೇಸಿನ ಶ್ರಮ ಮಣ್ಣುಪಾಲಾಯಿತಲ್ಲ! ಭಾವ ತುಂಡಾದ ಚೈನನ್ನು ನೋಡಿದರು. ಮುಂದಿದ್ದ ಕೆಸರನ್ನು ನೋಡಿದರು. ಪಂಚೆಯನ್ನು ಬಿಗಿದು ಕಟ್ಟಿದರು. ಸೈಕಲ್ಲನ್ನೆತ್ತಿ ಹೆಗಲಿಗೆ ಹಾಕಿಕೊಂಡರು. ಇನ್ನು ಹತ್ತುವ ಇಳಿಯುವ ತಾಪತ್ರಯವೇ ಇರಲಿಲ್ಲ! ಗಾಲಿ ಹೂತುಹೋಗಿ ತಳ್ಳಲೂ ಆಗದೆ, ಎತ್ತಲೂ ಆಗದೆ ನಿಂತವರನ್ನು ಒಬ್ಬೊಬ್ಬರಾಗಿ ದಾಟುತ್ತ ಹೋದರು. ಕಾಲೇಜಿನವರು ಹಿಂದೆ ಬಿದ್ದರು, ರೈಲ್ವೆಯವರು ಹಿಂದೆ ಬಿದ್ದರು. ಅವರು ಕುಂಟುತ್ತಿದ್ದರೆಂಬುದು ನನಗೆ ಕಾಣುತ್ತಿತ್ತು, ಆದರೂ ಓಟ ನಿಲ್ಲಲಿಲ್ಲ. ಏರಿಯ ಮೇಲಿದ್ದ ಜನ ಹೋ ಎಂದು ಕೂಗತೊಡಗಿದರು. ಆಗಲೇ ಗುರಿ ಮುಟ್ಟಿ ನಿಂತಿದ್ದ ಮುನಿಸ್ವಾಮಿ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹೊಡೆಯುತ್ತಿದ್ದ. ನಾನು ಎಣಿಸುತ್ತ ಓಡಿದೆ. ಭಾವನವರು ಗೆರೆ ದಾಟಿದಾಗ ಅವರ ಮುಂದೆ ಎಂಟೇ ಜನ. ಒಂಬತ್ತನೆಯವರು!

ಗೆರೆಯ ಪಕ್ಕ ಮೇಜು ಹಾಕಿಕೊಂಡು ಬಂದವರನ್ನು ಬರೆದುಕೊಳ್ಳುತ್ತಿದ್ದವರು ಒಬ್ಬ ಮೇಷ್ಟ್ರು. ಅಂದಿಗೆ ಹೊಸಬರು. ಕ್ಯಾಪ್ಟನ್ ಸಾಹೇಬರು ಆಚೆ ದಡದಲ್ಲಿ ಬಿದ್ದವನೊಬ್ಬನನ್ನು ಎತ್ತಲು ಹೋಗಿದ್ದರು. ಮೇಷ್ಟ್ರ ಮುಂದೆ ನಿಂತದ್ದು ತಲೆಯಿಂದ ಕಾಲಿನವರೆಗೆ ಕೆಸರಿನ ಒಂದು ಮೂರ್ತಿ. ಬೆನ್ನಿಗೆ ಅಂಟಿಸಿದ್ದ ನಂಬರಿನ ಕಾಗದ ಕರಗಿ ಎಂದೋ ಹೋಗಿತ್ತು. ನಂಬರಿಲ್ಲ, ಹೆಸರು ಹೇಳಿ, ಹಿಂದೆ ಬೇರೆಯವರು ಬರುತ್ತಿದ್ದಾರೆ, ಹೇಳದಿದ್ದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮೇಷ್ಟ್ರು ಅವಸರಪಡಿಸಿದರು. ಭಾವ ಬಾಯಿ ತೆರೆದರು. ಬಂದದ್ದು ಬರೀ ಉಸಿರು. ಮುನಿಸ್ವಾಮಿಗೂ ಉಳಿದವರಿಗೂ ಅವರು ಬರೀ ಯಜಮಾನ್ರು, ಹೆಸರು ಗೊತ್ತಿರಲಿಲ್ಲ. ನಾನಿನ್ನೂ ಏರಿ ಇಳಿದು, ಆ ಕೆಸರಿನಲ್ಲಿ ಕಾಲು ಕೀಳುತ್ತ ಬರುತ್ತಿದ್ದೆ. ನಾನು ಕೂಗಿದ್ದು ಜನರ ಕೇಕೆಯಲ್ಲಿ ಮುಳುಗಿಹೋಯಿತು. ಮೇಷ್ಟ್ರು ತಲೆಯಾಡಿಸಿ ಹಿಂದೆ ಬರುತ್ತಿದ್ದವನ ಕಡೆ ನೋಡಿದರು.

ಆಗ ಅಕ್ಕ ಗುಂಪಿನಿಂದ ಮುಂದೆ ಬಂದು ಮೇಜಿನ ಹತ್ತಿರ ನಿಂತಳು.

ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೇಳಿಸಿದಾಗ ಒಂದು ಸಲ ಹೇಳಿದ್ದು ಬಿಟ್ಟರೆ, ಈ ಇಪ್ಪತ್ತು ವರ್ಷದಲ್ಲಿ ಅವಳ ಬಾಯಿಂದ ಗಂಡನ ಹೆಸರು ಬಂದದ್ದನ್ನು ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ, ಅಷ್ಟು ಗಂಡಸರ ನಡುವೆ ಅವಳು ಭಾವನವರ ಹೆಸರನ್ನು ಹೇಳಿದಳು.

ಮೇಷ್ಟ್ರಿಗೆ ಆ ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ. "ಏನಂದ್ರಿ ತಾಯಿ?" ಎಂದರು.

ಅಕ್ಕ ತಲೆಯೆತ್ತಿ ಇನ್ನೊಮ್ಮೆ ಹೇಳಿದಳು, ಈ ಸಲ ಗಟ್ಟಿಯಾಗಿ. ಭಾವನವರು ಹೆಗಲ ಮೇಲಿದ್ದ ಸೈಕಲ್ಲನ್ನು ಇಳಿಸುವುದನ್ನೇ ಮರೆತು ಅವಳನ್ನು ನೋಡುತ್ತ ನಿಂತಿದ್ದರು.