ಬೇಕರಿ ಘಮದ ಸಿಸ್ಟರ್

ಸೆಂಟು ಹಾಕಿಕೊಂಡವರು ಪಕ್ಕದಲ್ಲಿ ಹಾದುಹೋದರೆ ಜನಕ್ಕೆ ಹೂವು ನೆನಪಾಗಬೇಕು. ನಾನು ಹಾದುಹೋದರೆ ಹಸಿವಾಗುತ್ತಿತ್ತು. ಒಂದು ಸಲ ಆಗಿದ್ದರೆ ಮರೆತುಬಿಡುತ್ತಿದ್ದೆ. ವಾರಕ್ಕೊಮ್ಮೆಯಾದರೂ ಆಗುತ್ತಿದ್ದರೆ ಏನು ಮಾಡೋದು?

ಎರಡು ಸಾವಿರದ ಇಸವಿಯ ಆಸುಪಾಸು. ಮಂಡ್ಯ ಬಿಟ್ಟು ಚೆನ್ನೈಗೆ ಬಂದು ಎರಡು ವರ್ಷವಾಗಿತ್ತು. ಅಡ್ಯಾರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸು. ಅಲ್ಲಿಗೆ ಬರುವವರೆಲ್ಲ ಸಕ್ಕರೆ ಕಾಯಿಲೆಯವರು. ಮಸ್ಕತ್ತಿನಲ್ಲಿದ್ದ ತಂಗಿ ರಜೆಗೆ ಬಂದಾಗ ಒಂದು ಸೆಂಟಿನ ಬಾಟಲಿ ಕೊಟ್ಟಳು. ಮಲ್ಲಿಗೆಯಲ್ಲ, ಗಂಧವಲ್ಲ. ವೆನಿಲ್ಲಾ, ಕಾಯಿಸಿದ ಹಾಲು, ತುಸು ಸೀದ ಸಕ್ಕರೆ. "ದಿನವೆಲ್ಲ ಫಿನಾಯಿಲ್ ಕುಡಿಯೋ ನಿನ್ನ ಮೂಗಿಗೂ ಸ್ವಲ್ಪ ಸಂತೋಷ ಬೇಡವೇನೇ?" ಅಂದಳು. ನಿಜ ಹೇಳಬೇಕೆಂದರೆ, ಅದನ್ನು ಹಚ್ಚಿಕೊಂಡಾಗ ಯಾರೋ ತಲೆ ಸವರಿದ ಹಾಗಾಗುತ್ತಿತ್ತು.

ಬಸ್ಸಿನಲ್ಲಿ

ಮೊದಲ ದಿನವೇ ಬಸ್ಸಿನಲ್ಲಿ ಪಕ್ಕದ ಅಜ್ಜಿ ಎರಡು ಸಲ ಮೂಗರಳಿಸಿ, ನನ್ನ ಚೀಲ ನೋಡಿ, ತಮಿಳಿನಲ್ಲಿ ಕೇಳಿದರು, "ಯಾವ ಬೇಕರಿಯಮ್ಮ?"

"ಬೇಕರಿಯಲ್ಲ ಪಾಟಿ, ಇದು ಸೆಂಟು."

ಅಜ್ಜಿ ನನ್ನ ಚೀಲವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. "ಹೋಗಲಿ ಬಿಡು, ನಾನು ಕೇಳಿದ್ದೇ ತಪ್ಪು. ಮನೆಯಲ್ಲಿ ಮಕ್ಕಳು ಕಾಯ್ತಿರುತ್ತವೆ."

ಷರಟಿನ ಸಾಕ್ಷಿ

ನಮ್ಮಲ್ಲಿಗೆ ಬರುತ್ತಿದ್ದ ನಿವೃತ್ತ ಗುಮಾಸ್ತರೊಬ್ಬರ ಹೆಂಡತಿ ಒಂದು ಬೆಳಿಗ್ಗೆ ಗಂಡನ ಷರಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ನೇರ ಡಾಕ್ಟರ ಮುಂದೆ ಬಂದರು. "ಚೆಕಪ್ಪಿಗೆ ಅಂತ ಹೇಳಿ ಎಲ್ಲಿಗೋ ಹೋಗ್ತಾರೆ. ನೀವೇ ಮೂಸಿ ನೋಡಿ."

ಡಾಕ್ಟರು ಮೂಸಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಹಿಂದಿನ ದಿನ ಗುಮಾಸ್ತರ ಬಿಪಿ ನೋಡಿದವಳು ನಾನೇ. ನಾಚಿಕೆಯಿಂದ ಮಣಿಕಟ್ಟು ಚಾಚಿ, "ನನ್ನ ಸೆಂಟು ಮಾಮಿ" ಅಂದೆ. ಅವರು ನನ್ನ ಕೈ ಮೂಸಿದರು, ಷರಟು ಮೂಸಿದರು, ಮತ್ತೆ ಕೈ ಮೂಸಿ ಕುರ್ಚಿಯಲ್ಲಿ ಕುಸಿದು ಕೂತರು.

"ಸದ್ಯ, ಇನ್ನೊಬ್ಬ ಹೆಂಗಸಿನ ಸೆಂಟಾ? ಎಲ್ಲಿ ಹಲ್ವ ತಿಂದುಬಿಟ್ಟರೋ ಅಂತ ರಾತ್ರಿಯೆಲ್ಲ ನಿದ್ದೆಯಿಲ್ಲ ನನಗೆ."

ಕರವಸ್ತ್ರ

ಮಗಳು ಆಗ ಯುಕೆಜಿ. ಶಾಲೆಯ ಗೇಟಿನಲ್ಲಿ ನನ್ನ ಸೆರಗು ಬಿಡುತ್ತಿರಲಿಲ್ಲ. ನನ್ನ ಕರವಸ್ತ್ರಕ್ಕೆ ಒಂದು ಹನಿ ಸೆಂಟು ಹಾಕಿ ಕೊಟ್ಟೆ. "ಅಮ್ಮ ನೆನಪಾದಾಗ ಮೂಸು." ಮರುದಿನದಿಂದ ಅಳು ನಿಂತಿತು. ಮೂರನೇ ದಿನ ಡೈರಿಯಲ್ಲಿ ಟೀಚರ್ ಬರೆದಿದ್ದರು: ಮಗುವಿನ ಕೈಲಿ ತಿಂಡಿ ಬಚ್ಚಿಟ್ಟು ಕಳಿಸಬೇಡಿ, ಉಳಿದ ಮಕ್ಕಳು ಕೇಳುತ್ತವೆ.

"ಏನು ಮಾಡಿದೆ ಕಂದಾ?" ಅಂದೆ.

ಕನ್ನಡದಲ್ಲಿ ಕೇಳಿದ್ದಕ್ಕೆ ಎಂದಿನಂತೆ ತಮಿಳಿನಲ್ಲಿ ಉತ್ತರ ಬಂತು. ಅಮ್ಮ ನೆನಪಾಗಿ ಅಳುತ್ತಿದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಸಲ ಮೂಸಲು ಕೊಟ್ಟಳಂತೆ. "ಎಲ್ಲರೂ ಸುಮ್ಮನಾದರಮ್ಮ. ಒಬ್ಬ ಮಾತ್ರ ಕರ್ಚೀಫನ್ನೇ ಕಚ್ಚಿಬಿಟ್ಟ."

ಅಡುಗೆ ಮಾಸ್ಟರು

ಮದುವೆ ಮನೆಗಳಿಗೆ ಅಡುಗೆ ಮಾಡುತ್ತಿದ್ದ ಒಬ್ಬ ಹಿರಿಯರು ವಾರ್ಡಿನಲ್ಲಿದ್ದರು. ಕನ್ನಡದವರೇ, ನಲವತ್ತು ವರ್ಷದಿಂದ ಮದರಾಸಿನಲ್ಲಿ. ಸಕ್ಕರೆ ಕಾಯಿಲೆ ಕಣ್ಣುಗಳನ್ನು ತಿಂದುಹಾಕಿತ್ತು. ಕಾಲಿನ ಗಾಯ ಮಾಯುತ್ತಿರಲಿಲ್ಲ. ಇನ್ಸುಲಿನ್ ಸೂಜಿ ಅಂದರೆ ಕೈ ಎಳೆದುಕೊಂಡು ಗೋಡೆಗೆ ತಿರುಗಿಬಿಡುವರು. ಹೀಗೇ ಆದರೆ ಕಾಲು ಉಳಿಯೋದಿಲ್ಲ ಅಂತ ಡಾಕ್ಟರು ನಮಗೆ ಹೇಳಿದ್ದರು.

ನಾನು ಮೊದಲ ಸಲ ಹತ್ತಿರ ಹೋದಾಗ ಅವರು ಗೋಡೆಯಿಂದ ಈಚೆ ತಿರುಗಿದರು. "ಯಾರಮ್ಮ, ಪಾಲ್‌ಕೋವಾಗೆ ಹಾಲು ಕಾಸ್ತಿರೋದು? ತಳ ಹಿಡೀತಾ ಇದೆ ನೋಡು. ಉರಿ ಸಣ್ಣ ಮಾಡು."

"ಮಾಡ್ತೀನಿ ಮಾಸ್ಟರೇ, ಕೈ ಕೊಡಿ" ಅಂದೆ. ಕೊಟ್ಟರು.

ಅವತ್ತಿನಿಂದ ಅವರ ಸೂಜಿ ನನ್ನ ಪಾಲಿಗೆ. ನಾನು ಚುಚ್ಚುವಾಗ ಅವರು ಹಾಲು ಇಂಗಿಸುವ ಹದ ಹೇಳುವರು. ಗಾಯ ಒಣಗತೊಡಗಿತು. ಅಷ್ಟರಲ್ಲಿ ಮಗಳಿಗೆ ಜ್ವರ ಬಂದು ನಾನು ಒಂದು ದಿನ ರಜೆ ಹಾಕಬೇಕಾಯಿತು. ಬೇರೆ ನರ್ಸುಗಳಿಗೆ ಅವರು ಕೈ ಕೊಡುವವರಲ್ಲ. ಕೊನೆಗೆ ನಮ್ಮ ಹಿರಿಯ ಮೇಲ್ ನರ್ಸು, ಆರಡಿ ಎತ್ತರ, ಹುರಿ ಮಾಡಿದ ಮೀಸೆ, ಲಾಕರಿನಲ್ಲಿದ್ದ ನನ್ನ ಬಾಟಲಿಯಿಂದ ಎರಡೂ ಕೈಗೆ ಸೆಂಟು ಬಳಿದುಕೊಂಡು, ನನ್ನ ಬಳೆಯ ಸದ್ದು ಬರಲೆಂದು ಇನ್ನೊಬ್ಬ ನರ್ಸಿನ ಬಳೆ ಇಸಿದುಕೊಂಡು ಬೆರಳಿನಲ್ಲಿ ಅಲ್ಲಾಡಿಸುತ್ತ, ಬಾಯಿ ಬಿಡದೆ ಹೋಗಿ ನಿಂತರಂತೆ. ಮಾಸ್ಟರು ಒಂದು ಕ್ಷಣ ಮೂಸಿ, ಸುಮ್ಮನೆ ಕೈ ಚಾಚಿದರಂತೆ. ಇಡೀ ವಾರ್ಡು ಉಸಿರು ಬಿಟ್ಟಿತಂತೆ.

ಮರುದಿನ ಹೋಗಿ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ, "ನಿನ್ನೆ ಸೂಜಿ ತಗೊಂಡ್ರಾ ಮಾಸ್ಟರೇ?"

"ತಗೊಂಡೆ."

"ಯಾರು ಹಾಕಿದ್ದು?"

ಅವರು ನನ್ನ ಕೈ ಹುಡುಕಿ ಹಿಡಿದುಕೊಂಡು ದನಿ ತಗ್ಗಿಸಿದರು. "ಯಾರಿಗೂ ಹೇಳಬೇಡ ಸಿಸ್ಟರ್. ಮುಂಗೈ ತುಂಬ ಕೂದಲು, ಉಸಿರಲ್ಲಿ ಬೀಡಿ ವಾಸನೆ. ಆದರೆ ಪಾಪ, ಅಷ್ಟು ದೊಡ್ಡ ಗಂಡಸು ನನಗೋಸ್ಕರ ಬಳೆ ಅಲ್ಲಾಡಿಸ್ತಾ ನಿಂತಿದ್ದ. ಕೈ ಕೊಡೋದಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"