ಮಾವನ ನಾಲಿಗೆ ಮತ್ತು ಕಾಂಡ್ಲಾ ಎಲೆ

ನಮ್ಮ ಸೋದರಮಾವನಿಗೆ ಕಣ್ಣು, ಕಿವಿ, ಮೂಗು ಕೊಟ್ಟು ದೇವರು ಸುಮ್ಮನೆ ದಂಡ ಮಾಡಿಕೊಂಡ. ಅವರು ಲೋಕ ನೋಡೋದೆಲ್ಲ ನಾಲಿಗೆಯಿಂದಲೇ!

ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಶೇಂಗಾ ಆರಿಸಿಕೊಡೋದು ಅವರ ಕೆಲಸ. ಮಂಡಿಯಲ್ಲಿ ರಾಶಿಗೆ ಕೈ ಹಾಕಿ, ನಾಕು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರೆ ಮುಗೀತು. ಇದು ಕೆಂಪು ನೆಲದ್ದು, ಇದಕ್ಕೆ ಕೊನೇ ಮಳೆ ಸಿಕ್ಕಿಲ್ಲ, ಇದನ್ನ ಒಣಗಿಸದೇ ಚೀಲಕ್ಕೆ ತುಂಬವ್ರೆ ಅಂತ ಜಾತಕ ಓದಿಬಿಡೋರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನನಗೆ ಹೆಣ್ಣು ನೋಡೋಕೆ ಹೋದಾಗ ಉಪ್ಪಿಟ್ಟು ಒಂದು ತುತ್ತು ತಿಂದು, ಇದನ್ನ ಹುಡುಗಿ ಮಾಡಿಲ್ಲ, ಪಕ್ಕದ ಮನೆಯೋರು ಮಾಡವ್ರೆ ಅಂತ ಅಲ್ಲೇ ಹೇಳಿಬಿಟ್ಟರು! ಅವರಪ್ಪನ ಮುಖ ಕಪ್ಪಿಟ್ಟಿತು. ಹುಡುಗಿ ಮಾತ್ರ ಪಕ್ಕನೆ ನಕ್ಕಳು. ಅವಳೇ ಈಗ ನನ್ನ ಹೆಂಡತಿ. ಉಪ್ಪಿಟ್ಟು ಈಗ ನಾನೇ ಮಾಡೋದು.

ಹೋದ ವರ್ಷ ಮಾವನಿಗೆ ಜ್ವರ ಬಂತು. ಎದ್ದು ಮಂಡಿಗೆ ಹೋದ ಮೇಲೆ, ಕಮಟು ಹಿಡಿದ ಕಾಯಿಯನ್ನ ಭಾಳ ಸಿಹಿ ಐತೆ ಅಂದುಬಿಟ್ಟರಂತೆ. ಯಜಮಾನರ ನಾಲಿಗೆ ಹೋಯ್ತು ಅಂತ ಯಾರೋ ಹಿಂದಿನಿಂದ ಅಂದದ್ದು ಕಿವಿಗೆ ಬಿತ್ತು. ಅವತ್ತಿನಿಂದ ಮಂಡಿ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಮಾತ್ರ ತೀರ್ಪು ಜೋರಾಯಿತು. ಸಾರಿಗೆ ಉಪ್ಪು ಜಾಸ್ತಿ, ಚಟ್ನಿಗೆ ಖಾರ ಕಮ್ಮಿ! ಎಲ್ಲಾ ಸರಿಯಾಗೇ ಹೇಳೋರು. ನಾಲಿಗೆ ನೆಟ್ಟಗೇ ಐತೆ, ಧೈರ್ಯ ಕೆಟ್ಟೈತೆ, ನಾಕು ದಿನ ಊರು ಬಿಟ್ಟು ಬಂದರೆ ಮತ್ತೆ ಮಂಡಿಗೆ ಹೋಗ್ತಾರೆ ಅಂದುಕೊಂಡೆ. ಮಗಳಿಗೆ ದಸರಾ ರಜೆ ಬೇರೆ ಇತ್ತು. ಅವಳ ಜೊತೆಗೆ ಮಾವನನ್ನೂ ಅವರ ಹೆಂಡತಿ ನಮ್ಮತ್ತೆಯನ್ನೂ ಕರಕೊಂಡು ಹೊನ್ನಾವರದ ಕಾಂಡ್ಲಾವನಕ್ಕೆ ಹೊರಟೆ.

ಕಾಂಡ್ಲಾ ಅಂದರೆ ಸಮುದ್ರದ ಉಪ್ಪುನೀರು ಬಂದು ಹೋಗೋ ಕೆಸರಲ್ಲಿ ಬೆಳೆಯೋ ಮರ. ಅದರ ನಡುವೆ ಹಲಗೆ ಹಾಸಿದ ಸೇತುವೆ ಕಟ್ಟಿದ್ದಾರೆ, ಮಕ್ಕಳು ಮುದುಕರು ಎಲ್ಲರೂ ಆರಾಮಾಗಿ ನಡೀಬಹುದು. ಕೆಸರಿಂದ ಗೇಣುದ್ದದ ಬೇರುಗಳು ಸಾವಿರಗಟ್ಟಲೆ ನೆಟ್ಟಗೆ ನಿಂತಿದ್ದವು. ಮಾವ ಅದನ್ನ ದಿಟ್ಟಿಸಿ ನೋಡಿ, ಇಷ್ಟೊಂದು ಗೂಟ ಹೊಡೆದವ್ರಲ್ಲ, ಇವರತ್ರ ಕುರಿ ಎಷ್ಟಿರಬೇಕು ಅಂತ ಕೇಳಿದರು. ಅದು ಮರದ ಬೇರು, ಉಸಿರಾಡೋಕೆ ಮೇಲೆ ಬಂದಿದೆ ಅಂತ, ಜಾಗ ತೋರಿಸೋಕೆ ನಮ್ಮ ಜೊತೆ ಬಂದಿದ್ದ ಗೈಡ್ ಹುಡುಗಿ ಎಷ್ಟು ಹೇಳಿದರೂ ನಂಬಬೇಕಲ್ಲ! ಅಷ್ಟರಲ್ಲಿ ಒಂದೇ ಕೈ ದಪ್ಪಗಿರೋ ಪುಟ್ಟ ಏಡಿ ಕಂಡು ಮಗಳು ಕುಣಿಯತೊಡಗಿದಳು. ಅತ್ತೆ ಅವಳನ್ನ ಹಿಡಕೊಳ್ಳೋಕೆ ಮುಂದೆ ಹೋದರು.

ಆಗ ಗೈಡ್ ಹುಡುಗಿ ಒಂದು ಎಲೆ ಕಿತ್ತು ಮಾವನ ಕೈಗೆ ಕೊಟ್ಟಳು. "ಅಜ್ಜಾ, ಇದನ್ನ ನೆಕ್ಕಿ. ಏನು ರುಚಿ ಹೇಳಿ ನೋಡುವ."

ಮಾವನಿಗೆ ಇದಕ್ಕಿಂತ ಬೇಕಾ? ಎದೆ ಉಬ್ಬಿಸಿ ನೆಕ್ಕಿದರು. ಆಮೇಲೆ ಯಾಕೋ ಅತ್ತೆ ಕಡೆ ತಿರುಗಿ ನೋಡಿದರು. ಅತ್ತೆ ದೂರದಲ್ಲಿದ್ದರು.

"ಹುಳಿ. ಕೊನೇಲಿ ಸ್ವಲ್ಪ ಒಗರು."

ಹುಡುಗಿ ನಕ್ಕುಬಿಟ್ಟಳು. ಈ ಮರ ಕುಡಿದ ಉಪ್ಪನ್ನೆಲ್ಲ ಎಲೆಯಿಂದ ಹೊರಗೆ ಹಾಕುತ್ತದೆ, ಅದು ಬರೀ ಉಪ್ಪು, ಸಣ್ಣ ಮಕ್ಕಳೂ ಹೇಳ್ತಾರೆ ಅಂದಳು. ಮಾವ ಎಲೆ ಹಿಡಕೊಂಡು ನಿಂತಲ್ಲೇ ನಿಂತರು. ಮಂಡಿಯಲ್ಲಿ ಆಡಿಕೊಂಡವರೆಲ್ಲ ಎದುರಿಗೆ ಬಂದು ನಿಂತ ಹಾಗಿತ್ತು ಅವರ ಮುಖ.

ಅತ್ತೆಗೆ ಕೇಳಿಸಿತ್ತೇನೋ, ದಡದಡ ಬಂದವರೇ ಎಲೆ ಕಸಿದುಕೊಂಡು ನೆಕ್ಕಿದರು. "ಹುಳೀನೇ ಐತೆ" ಅಂತ ನನ್ನ ಕೈಗೆ ದಾಟಿಸಿದರು. ನಾನೂ ನೆಕ್ಕಿದೆ. ಅಯ್ಯಪ್ಪಾ, ಉಪ್ಪಿನ ಚೀಲಾನೇ ಬಾಯಿಗೆ ಸುರಿದಂಗಾಯ್ತು! ಹೌದು ಮಾವ, ಹುಳಿ ಅಂದೆ. ಗೈಡ್ ಹುಡುಗಿ ನಮ್ಮ ಮುಖ ಮುಖ ನೋಡಿದಳು. ಪಾಪ, ಚಳ್ಳಕೆರೆ ಕಡೆಯ ನಾಲಿಗೆಗಳೇ ಹೀಗೆ ಅಂದುಕೊಂಡಿರಬೇಕು!

ಆದರೆ ಮಾವ ಮೋಸ ಹೋಗಲಿಲ್ಲ. ಬೆಂಚಿನ ಮೇಲೆ ಕೂತು ಅತ್ತೆಯನ್ನ ಕೇಳಿದರು.

"ನಿಂಗೆ ಯಾವಾಗಿಂದ ಗೊತ್ತು?"

"ಜ್ವರ ಬಿಟ್ಟ ದಿನದಿಂದ. ಬೇವಿನ ಕಷಾಯ ಗಟಗಟ ಕುಡಿದು, ಇನ್ನೊಂದು ಲೋಟ ಕೊಡು ಅಂದ್ರಲ್ಲ."

ಆಗ ನನಗೆ ಹೊಳೆಯಿತು. ವರ್ಷದಿಂದ ಅತ್ತೆ ಬಡಿಸುವಾಗೆಲ್ಲ, ಯಾಕೋ ಇವತ್ತು ಉಪ್ಪು ಕೈ ಮೀರಿತು, ಖಾರ ಸಾಲದು ಅಂತ ತಮ್ಮಷ್ಟಕ್ಕೆ ಗೊಣಗೋರು. ಮಾವ ಅದನ್ನೇ ನಮಗೆಲ್ಲ ಕೇಳೋ ಹಂಗೆ ಹೇಳೋರು! ನಾವು ಪೆದ್ದರು, ತಲೆದೂಗಿದ್ದೇ ತಲೆದೂಗಿದ್ದು.

ಮಧ್ಯಾಹ್ನ ಪೇಟೆಯ ಖಾನಾವಳಿಯಲ್ಲಿ ಊಟಕ್ಕೆ ಕೂತೆವು. ಇವತ್ತು ಅತ್ತೆ ಗೊಣಗಲಿಲ್ಲ. ಮಾವ ಸಾರು ಕಲಸಿದ ಅನ್ನ ಒಂದು ತುತ್ತು ಬಾಯಿಗಿಟ್ಟುಕೊಂಡು, ನಮ್ಮೆಲ್ಲರ ಎದುರಿಗೇ ಅತ್ತೆ ಕಡೆ ತಿರುಗಿದರು.

"ಹೆಂಗೈತೆ, ಹೇಳು."

ಅತ್ತೆ ತಿಂದು ನೋಡಿ ನಿಧಾನವಾಗಿ ಶುರು ಮಾಡಿದರು. ತೆಂಗಿನಕಾಯಿ ಧಾರಾಳ ರುಬ್ಬವ್ರೆ, ಹುಳಿ ನಮ್ಮ ಹುಣಸೇದಲ್ಲ, ಬೇರೆ ಯಾವುದೋ, ಒಂಚೂರು ಬೆಲ್ಲ ಬಿದ್ದೈತೆ. ಮಾವ ಕಣ್ಣು ಮುಚ್ಚಿಕೊಂಡು, ಅವರು ಹೇಳಿದ ಒಂದೊಂದನ್ನೂ ಜಗಿದು ಜಗಿದು ನುಂಗಿದರು. ಆಮೇಲೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು.